ಜಾಕ್ ಎತ್ತುತ್ತೆ, ಹಿಡಿಯಲ್ಲ: ಕಾರಿನ ಕೆಳಗೆ ತಲೆ ಹಾಕುವ ಮುನ್ನ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರಿಗೆ, ಆಫೀಸ್ ಬಸ್ಸಿನಲ್ಲಿ ಕೂತು ಓದೋರಿಗೆ ಎಂದಿನಂತೆ ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ಹೋದ ಸಲ ಕಾರಿನ ಇನ್ಶೂರೆನ್ಸ್ ಬಗ್ಗೆ ಮಾತಾಡಿದ್ವಿ. ಈ ಸಲದ ವಿಷಯ ಅದಕ್ಕಿಂತ ಹತ್ತಿರದ್ದು. ನಿಮ್ಮ ಎದೆಗೂ ಕಾರಿಗೂ ನಡುವೆ ಇರೋ ಅಂತರದ ಬಗ್ಗೆ.

ನಮ್ಮಲ್ಲಿ ಬಹಳ ಜನ ಊರು ಬಿಟ್ಟು ಬಂದು, ಸ್ವಂತ ಕಾರು ತಗೊಂಡು, ಶನಿವಾರ ಭಾನುವಾರ ಅದರ ಮೇಲೆ ಕೈಯಾಡಿಸೋದನ್ನ ಕಲಿತವರು. ಲಾಕ್‌ಡೌನ್ ಕಾಲದಲ್ಲಿ ಗ್ಯಾರೇಜ್ ಮುಚ್ಚಿದ್ದಾಗ ಯೂಟ್ಯೂಬ್ ನೋಡಿ ಶುರುವಾದ ಹವ್ಯಾಸ ಕೆಲವರದ್ದು. ಆಯಿಲ್ ಬದಲಿಸೋದು, ಬ್ರೇಕ್ ಪ್ಯಾಡ್ ಹಾಕೋದು, ಕೆಳಗಿನ ತಗಡು ಬಿಗಿ ಮಾಡೋದು. ಒಳ್ಳೆಯದೇ. ಆದರೆ ಕೋಡ್ ತಪ್ಪಾದರೆ ರೋಲ್‌ಬ್ಯಾಕ್ ಇದೆ. ಇಲ್ಲಿ ಇಲ್ಲ.

ಆ ಭಾನುವಾರ

ನಾನಿರೋದು ಪುಣೆಯ ವಾಕಡ್‌ನಲ್ಲಿ. ಮೂಲ ಹುಬ್ಬಳ್ಳಿ. ನಮ್ಮಪ್ಪ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೆಕ್ಯಾನಿಕ್ ಆಗಿದ್ದವರು. ಮೆಕ್ಯಾನಿಕ್‌ನ ಮಗ ಅನ್ನೋ ಹೆಮ್ಮೆ ನನಗೆ. ಆದರೆ ಪಾನಾ ಹಿಡಿಯೋದನ್ನ ಅಪ್ಪನಿಂದ ಕಲಿತವನಲ್ಲ, "ನೀ ಓದ್, ಇದು ನಿನಗ ಬ್ಯಾಡ" ಅಂತ ದೂರ ಇಟ್ಟಿದ್ದರು.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿದಿತ್ತು. ನನ್ನ ಹ್ಯಾಚ್‌ಬ್ಯಾಕ್ ಕಾರಿನ ಕೆಳಗೆ ಗಡಗಡ ಸದ್ದು. ಸೈಲೆನ್ಸರ್ ಪೈಪಿನ ಮೇಲಿರೋ ತಗಡು, ಅಂದರೆ ಹೀಟ್ ಶೀಲ್ಡ್, ಬೋಲ್ಟಿನ ಹತ್ತಿರ ತುಕ್ಕು ಹಿಡಿದು ಸಡಿಲ ಆಗಿತ್ತು. ನಲವತ್ತು ರೂಪಾಯಿಯ ಒಂದು ಹೋಸ್ ಕ್ಲ್ಯಾಂಪ್ ಸುತ್ತಿ ಬಿಗಿದರೆ ಮುಗೀತು. ಅದಕ್ಕೆ ಗ್ಯಾರೇಜಿಗೆ ಯಾಕೆ ಹೋಗೋದು?

ಡಿಕ್ಕಿಯಿಂದ ಕಾರಿನ ಜೊತೆ ಬಂದ ಸಿಸರ್ ಜಾಕ್ ತೆಗೆದೆ. ನಮ್ಮ ಸೊಸೈಟಿಯ ಓಪನ್ ಪಾರ್ಕಿಂಗಿನಲ್ಲಿ ಪೇವರ್ ಬ್ಲಾಕ್ ಹಾಸಿದ್ದಾರೆ. ನೀರು ಹರಿದು ಹೋಗಲಿ ಅಂತ ಗಟಾರದ ಕಡೆಗೆ ಸಣ್ಣ ಇಳಿಜಾರು ಇದೆ, ಕಣ್ಣಿಗೆ ಕಾಣದಷ್ಟು. ಹಿಂದಿನ ದಿನ ಕಾರು ತೊಳೆದಿದ್ದೆ. ಒದ್ದೆಯಲ್ಲಿ ಬ್ರೇಕ್ ಶೂ ಅಂಟಿಕೊಳ್ಳುತ್ತೆ ಅಂತ ಹ್ಯಾಂಡ್‌ಬ್ರೇಕ್ ಹಾಕದೆ ಫಸ್ಟ್ ಗೇರಿನಲ್ಲಿ ಬಿಟ್ಟಿದ್ದೆ. ಹಾಗೇ ಎಡ ಮುಂಚಕ್ರ ಎತ್ತಿ, ರಟ್ಟು ಹಾಸಿಕೊಂಡು, ಅಂಗಾತ ಮಲಗಿ, ಎದೆ ತನಕ ಒಳಗೆ ಸರಿದೆ. ಪಕ್ಕದಲ್ಲಿ ಮಗಳು ಟಾರ್ಚ್ ಹಿಡಿದು ಕೂತಿದ್ದಳು. ಆಮೇಲೆ ಅವಳಿಗೆ ಬೇಜಾರಾಗಿ ಎದ್ದು ಹೋಗಿ ಅಜ್ಜನ್ನ ಕರ್ಕೊಂಡು ಬಂದಳು.

ಮೊದಲು ಕಂಡಿದ್ದು ಅಪ್ಪನ ಚಪ್ಪಲಿ. ಆಮೇಲೆ ಧ್ವನಿ.

"ಮೊದ್ಲ ಹೊರಗ ಬಾ."

"ಎರಡ ನಿಮಿಷ ಅಪ್ಪಾ, ಆಗೇ ಬಿಟ್ತು."

"ಮಾತ್ ಆಮ್ಯಾಲ. ಮೊದ್ಲ ಹೊರಗ ಬಾ."

ಆ ಧ್ವನಿಯಲ್ಲಿ ಚಿಕ್ಕವನಿದ್ದಾಗ ಎರಡೋ ಮೂರೋ ಸಲ ಮಾತ್ರ ಕರೆದಿದ್ದರು. ತೆವಳಿಕೊಂಡು ಹೊರಗೆ ಬಂದೆ. ಶರ್ಟಿನ ಧೂಳು ಕೊಡವಿಕೊಳ್ತಾ ನಿಂತಿದ್ದೆ. ಮಗಳು ಟಾರ್ಚ್ ಡಿಕ್ಕಿಯಲ್ಲಿಟ್ಟು, ಡಿಕ್ಕಿ ಬಾಗಿಲನ್ನ ಧಡ್ ಅಂತ ಹಾಕಿದಳು. ಕಾರು ಒಂದು ನಾಲ್ಕು ಇಂಚು ಮುಂದಕ್ಕೆ ಜಾರಿತು. ಜಾಕ್ ಬಾಗಿತು. ಕಾರು ಕೆಳಗೆ ಕೂತಿತು. ಇಷ್ಟೇ. ದೊಡ್ಡ ಸದ್ದೂ ಇಲ್ಲ.

ಅಪ್ಪ ಬೈಯಲಿಲ್ಲ. ಮೊಮ್ಮಗಳ ತಲೆ ಮೇಲೆ ಕೈಯಿಟ್ಟು, ನನ್ನ ಕಡೆ ನೋಡಿ ಒಂದೇ ಮಾತು ಹೇಳಿದರು: "ಜಾಕ್ ಎತ್ತತೈತಿ. ಹಿಡಿಯಂಗಿಲ್ಲ."

ಇವತ್ತಿನ ಮಾತೆಲ್ಲ ಆ ಒಂದು ಸಾಲಿನ ವಿವರಣೆ.

ಕಾರು ಯಾಕೆ ಬಿತ್ತು?

ಡಿಕ್ಕಿ ಬಾಗಿಲು ಹಾಕಿದ್ದಕ್ಕೆ ಬಿತ್ತು ಅಂದ್ಕೊಂಡರೆ ತಪ್ಪು. ಅದು ಬರೀ ನೆಪ. ಕಾರಣಗಳು ಮೂರು.

ಒಂದು, ಗೇರಿನ ಮೇಲಿನ ನಂಬಿಕೆ. ನಮ್ಮ ಹೆಚ್ಚಿನ ಸಣ್ಣ ಕಾರುಗಳು ಫ್ರಂಟ್ ವೀಲ್ ಡ್ರೈವ್. ಗೇರ್ ಹಿಡಿಯೋದು ಮುಂದಿನ ಚಕ್ರಗಳನ್ನ. ಅದರಲ್ಲಿ ಒಂದನ್ನ ನೆಲದಿಂದ ಎತ್ತಿದ ಕ್ಷಣ, ನಡುವೆ ಇರೋ ಡಿಫರೆನ್ಷಿಯಲ್ ತನ್ನ ಕೆಲಸ ಮಾಡುತ್ತೆ: ನೆಲದ ಮೇಲಿರೋ ಚಕ್ರ ಮುಂದಕ್ಕೆ ತಿರುಗಿದರೆ, ಗಾಳಿಯಲ್ಲಿರೋ ಚಕ್ರ ಹಿಂದಕ್ಕೆ ತಿರುಗುತ್ತೆ. ಗೇರು ಹಾಕಿದ್ದರೂ ಕಾರು ಉರುಳಬಹುದು. ಆಟೋಮ್ಯಾಟಿಕ್ ಕಾರಿನ 'ಪಿ' ಕಥೆಯೂ ಇದೇ. ಇದನ್ನೇ ತಿರುಗಿಸಿ ನೋಡಿ: ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರ ಹಿಡಿಯೋದು. ಹಿಂದಿನ ಎರಡೂ ಚಕ್ರ ಎತ್ತಿದರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಆದ್ದರಿಂದ ಯಾವ ಕಡೆ ಎತ್ತಿದರೂ, ನೆಲದ ಮೇಲೆ ಉಳಿದ ಚಕ್ರಗಳ ಹಿಂದೆ ಮುಂದೆ ಬೆಣೆ ಇರಲೇಬೇಕು.

ಎರಡು, ನೆಲ. ಪೇವರ್ ಬ್ಲಾಕ್ ಕೆಳಗೆ ಇರೋದು ಮರಳು. ಇಡೀ ಟೈರಿನ ಅಗಲಕ್ಕೆ ಹಂಚಿಹೋಗೋ ಭಾರವನ್ನ ಅದು ತಾಳುತ್ತೆ. ಅಂಗೈ ಅಗಲದ ಜಾಕಿನ ಬುಡಕ್ಕೆ ಮುನ್ನೂರು ಕೆಜಿ ಬಿದ್ದರೆ ಬ್ಲಾಕ್ ಒಂದು ಮಗ್ಗುಲಿಗೆ ಕೂರುತ್ತೆ. ಡಾಂಬರು ಇನ್ನೂ ಮೋಸ, ಬಿಸಿಲಿಗೆ ಮೆತ್ತಗಾಗುತ್ತೆ. ಹೈದರಾಬಾದ್, ಚೆನ್ನೈನವರು ಇದನ್ನ ನೆನಪಿಟ್ಟುಕೊಳ್ಳಿ.

ಮೂರು, ಜಾಕೇ. ಕಾರಿನ ಜೊತೆ ಬರೋ ಸಿಸರ್ ಜಾಕ್ ಇರೋದು ರಸ್ತೆಯಲ್ಲಿ ಪಂಕ್ಚರ್ ಆದಾಗ ಸ್ಟೆಪ್ನಿ ಹಾಕೋಕೆ. ಕೆಳಗೆ ಹೋಗಬೇಡಿ ಅಂತ ಅದರ ಮೇಲೇ ಚೀಟಿ ಅಂಟಿಸಿರ್ತಾರೆ, ಮ್ಯಾನುಯಲ್‌ನಲ್ಲೂ ಬರೆದಿರ್ತಾರೆ. ಮೇಲಕ್ಕೆ ಹೋದಷ್ಟೂ ಅದು ಕಿರಿದಾದ ಬುಡದ ಮೇಲೆ ನಿಂತ ಎತ್ತರದ ಕಡ್ಡಿ. ನೇರ ಭಾರ ಹೊರುತ್ತೆ, ಅಡ್ಡ ತಳ್ಳಿದರೆ ಬಾಗುತ್ತೆ.

ಹಾಗಾದರೆ ಹೈಡ್ರಾಲಿಕ್ ಜಾಕ್? ಅದು ಎತ್ತೋಕೆ ಸುಲಭ. ಆದರೆ ಕಾರನ್ನ ಮೇಲಿಟ್ಟಿರೋದು ಒಳಗಿನ ಎಣ್ಣೆಯ ಒತ್ತಡ. ಆ ಎಣ್ಣೆಯನ್ನ ಒಳಗಿಟ್ಟಿರೋದು ಬೆರಳಿನ ಉಂಗುರದಂಥ ರಬ್ಬರ್ ಸೀಲ್, ಮತ್ತೆ ಒಂದು ಸಣ್ಣ ರಿಲೀಸ್ ವಾಲ್ವ್. ಸೀಲ್ ಹಳೆಯದಾದರೆ ನಿಧಾನವಾಗಿ ಇಳಿಯಬಹುದು, ಹರಿದರೆ ಒಮ್ಮೆಲೇ. ಇಡೀ ಸಿಸ್ಟಮ್‌ಗೆ ಒಂದೇ ಸರ್ವರ್, ಬ್ಯಾಕಪ್ ಇಲ್ಲ. ಆಫೀಸಿನಲ್ಲಿ ಇಂಥ ಡಿಸೈನ್ ತಂದವನನ್ನ ನಾವು ರಿವ್ಯೂನಲ್ಲಿ ಬಿಡ್ತೀವಾ?

"ಚಕ್ರ ಇದೆಯಲ್ಲಾ, ಏನಾಗುತ್ತೆ?"

ಈ ಪ್ರಶ್ನೆ ನನಗೂ ಇತ್ತು. ಚಕ್ರ ಬಿಚ್ಚಿರಲಿಲ್ಲ. ಕಾರು ಬಿದ್ದರೂ ಚಕ್ರದ ಮೇಲೆ ತಾನೇ ನಿಲ್ಲೋದು ಅನ್ನೋ ಧೈರ್ಯ.

ಅವತ್ತು ಸಂಜೆ ಟೇಪ್ ಹಿಡಿದು ಅಳೆದೆ. ನನ್ನ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 17 ಸೆಂಟಿಮೀಟರ್. ನೆಲದ ಮೇಲೆ ಮಲಗಿ, ಹೆಂಡತಿ ಕೈಲಿ ಸ್ಕೇಲ್ ಕೊಟ್ಟು ಅಳೆಸಿಕೊಂಡೆ: ನನ್ನ ಎದೆಯ ದಪ್ಪ 23 ಸೆಂಟಿಮೀಟರ್. ಲೆಕ್ಕ ನೀವೇ ಮಾಡಿ. ಆರು ಸೆಂಟಿಮೀಟರ್ ಎಲ್ಲಿಂದ ಬರಬೇಕಿತ್ತು?

ಬೀಳೋಕೆ ಎಷ್ಟು ಹೊತ್ತು ಬೇಕು? 20 ಸೆಂಟಿಮೀಟರ್ ಎತ್ತರದಿಂದ ಏನೇ ಬಿದ್ದರೂ ನೆಲ ಮುಟ್ಟೋಕೆ ಸುಮಾರು 0.2 ಸೆಕೆಂಡ್. ಕಣ್ಣು ನೋಡಿ, ಮೆದುಳಿಗೆ ತಿಳಿದು, ಕೈ ಅಲ್ಲಾಡೋ ಹೊತ್ತಿಗೇ ಅಷ್ಟು ಸಮಯ ಮುಗಿದಿರುತ್ತೆ. "ಅಲ್ಲಾಡಿದರೆ ಪಟ್ ಅಂತ ಹೊರಗೆ ಬಂದುಬಿಡ್ತೀನಿ" ಅನ್ನೋದು ಆಗದ ಮಾತು.

ಇನ್ನೊಂದು ವಿಷಯ ಹೇಳೋಕೆ ಕಷ್ಟ, ಆದರೂ ಹೇಳಬೇಕು. ಎದೆ ಮೇಲೆ ಭಾರ ಕೂತರೆ ಮೂಳೆ ಮುರಿಯದೇ ಇದ್ದರೂ ಉಸಿರು ಒಳಗೆ ಎಳೆಯೋಕೆ ಆಗಲ್ಲ. ಉಸಿರಿಲ್ಲದೆ ಕೂಗೂ ಇಲ್ಲ. ಆಮ್ಲಜನಕ ಸಿಗದೆ ನಾಲ್ಕೈದು ನಿಮಿಷ ಕಳೆದರೆ ಮೆದುಳಿಗೆ ಹಾನಿ ಶುರು. ಪಕ್ಕದ ಫ್ಲ್ಯಾಟಿನವರು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕ್ತಾ ಇದ್ದರೂ ಅವರಿಗೆ ಗೊತ್ತಾಗಲ್ಲ. ಅದಕ್ಕೇ ಒಬ್ಬರೇ ಇರುವಾಗ ಕಾರಿನ ಕೆಳಗೆ ಹೋಗಬಾರದು.

ಹಿಡಿಯೋದು ಯಾವುದು?

ಹಿಡಿಯೋದು ಜಾಕ್ ಸ್ಟ್ಯಾಂಡ್. ಮೂರು ಅಥವಾ ನಾಲ್ಕು ಕಾಲಿನ ಉಕ್ಕಿನ ಸ್ಟ್ಯಾಂಡ್, ನಡುವೆ ಮೇಲೆ ಕೆಳಗೆ ಆಗೋ ಕಂಬ. ಎಣ್ಣೆ ಇಲ್ಲ, ಸೀಲ್ ಇಲ್ಲ, ಸ್ಕ್ರೂ ಇಲ್ಲ. ಉಕ್ಕಿನ ಮೇಲೆ ಉಕ್ಕು ಕೂತಿರುತ್ತೆ, ಅಷ್ಟೇ. ಜೋಡಿಗೆ ಕೆಲವು ಸಾವಿರ ರೂಪಾಯಿ. ನಮ್ಮ ಕಿವಿಯಲ್ಲಿರೋ ಇಯರ್‌ಬಡ್ಸ್ ಬೆಲೆ.

ಕೊಳ್ಳುವಾಗ ಮೂರು ವಿಷಯ ನೋಡಿ. ಮೊದಲನೆಯದು ಟನ್ ಲೆಕ್ಕ. ಕೆಲವು ಕಂಪನಿಗಳು 3 ಟನ್ ಅಂತ ಬರೆಯೋದು ಜೋಡಿಗೆ, ಒಂದಕ್ಕಲ್ಲ. ಪೆಟ್ಟಿಗೆ ಮೇಲೆ ಓದಿ. ಸಣ್ಣ ಹ್ಯಾಚ್‌ಬ್ಯಾಕ್ ಸುಮಾರು 900 ಕೆಜಿ, ಕಾಂಪ್ಯಾಕ್ಟ್ ಎಸ್‌ಯುವಿ 1,200ರಿಂದ 1,400 ಕೆಜಿ. ಎಂಜಿನ್ ಮುಂದಿರೋದರಿಂದ ಅರ್ಧಕ್ಕಿಂತ ಹೆಚ್ಚು ಭಾರ ಮುಂದೆ. 3 ಟನ್ ಜೋಡಿ ನಮಗೆ ಧಾರಾಳ. ಎರಡನೆಯದು ಬುಡ ಅಗಲ ಇರಲಿ. ಮೂರನೆಯದು ಲಾಕ್. ಹಲ್ಲಿನ ಪಟ್ಟಿ ಇರೋ ರ‍್ಯಾಚೆಟ್ ನಮೂನೆ ಒಂದು, ತೂತಿಗೆ ದಪ್ಪ ಪಿನ್ ಹಾಕೋ ನಮೂನೆ ಇನ್ನೊಂದು. ರ‍್ಯಾಚೆಟ್ ಜೊತೆಗೆ ಪಿನ್ನೂ ಇರೋದು ಸಿಕ್ಕರೆ ಬಿಡಬೇಡಿ.

ಸ್ಟ್ಯಾಂಡನ್ನೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. 2020ರಲ್ಲಿ ಅಮೆರಿಕದಲ್ಲಿ ಹಾರ್ಬರ್ ಫ್ರೈಟ್ ಕಂಪನಿ ತಾನು ಮಾರಿದ್ದ 3 ಟನ್ ಮತ್ತು 6 ಟನ್ ಸ್ಟ್ಯಾಂಡುಗಳನ್ನ ದೊಡ್ಡ ಸಂಖ್ಯೆಯಲ್ಲಿ ವಾಪಸ್ ಕರೆಸಿಕೊಳ್ತು. ರ‍್ಯಾಚೆಟ್ಟಿನ ಹಲ್ಲು ಸರಿಯಾಗಿ ಕಚ್ಚದೆ, ಭಾರ ಇರುವಾಗಲೇ ಜಾರಬಹುದು ಅನ್ನೋದು ದೋಷ. ಬದಲಿಗೆ ಕೊಟ್ಟ ಸ್ಟ್ಯಾಂಡುಗಳಲ್ಲಿ ಕೆಲವಕ್ಕೆ ವೆಲ್ಡಿಂಗ್ ದೋಷ ಬಂದು ಅವನ್ನೂ ಹಿಂಪಡೆಯಬೇಕಾಯ್ತು. ಅದಕ್ಕೇ ಯಾವತ್ತೂ ಒಂದರ ಮೇಲೆ ಜೀವ ಇಡಬಾರದು. ಒಂದು ಸೋತರೆ ಇನ್ನೊಂದು ಇರಬೇಕು.

ಇನ್ನು ಊರಲ್ಲಿ ನೋಡಿದ ಉಪಾಯಗಳು. ಇಟ್ಟಿಗೆ, ಹಾಲೋ ಬ್ಲಾಕ್ ಬೇಡವೇ ಬೇಡ. ಗೋಡೆಯಲ್ಲಿ ಅವು ಭಾರ ಹೊರೋದು ಭಾರ ಸಮನಾಗಿ ಹರಡಿದಾಗ. ಒಂದೇ ಬಿಂದುವಿನಲ್ಲಿ ಉಕ್ಕು ಒತ್ತಿದರೆ ಮುನ್ಸೂಚನೆ ಕೊಡದೆ ಒಡೀತವೆ. ದಪ್ಪ ಮರದ ದಿಮ್ಮಿ ಬೇರೆ. ಅದು ಮುರಿಯೋ ಮುಂಚೆ ಕಿರ್ ಅನ್ನುತ್ತೆ, ಅದುಮುತ್ತೆ. ಡಿಪೋದಲ್ಲಿ ಬಸ್ಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೂ ಪಕ್ಕದಲ್ಲಿ ದಿಮ್ಮಿ ಪೇರಿಸ್ತಿದ್ದರಂತೆ ಅಪ್ಪ. ಅವರ ಲೆಕ್ಕದಲ್ಲಿ ಸ್ಟ್ಯಾಂಡು ಕೆಲಸಕ್ಕೆ, ದಿಮ್ಮಿ ಮನೆಯವರಿಗೆ.

ಕ್ರಮವಾಗಿ ಮಾಡೋದು ಹೀಗೆ

ಅಪ್ಪ ಆ ವಾರ ಪೂರ್ತಿ ಇದ್ದರು. ಮುಂದಿನ ಶನಿವಾರ ಸ್ಟ್ಯಾಂಡ್ ತರಿಸಿ, ಬೇಸ್‌ಮೆಂಟಿನ ಕಾಂಕ್ರೀಟ್ ನೆಲದ ಮೇಲೆ, ಸೆಕ್ರೆಟರಿಗೆ ಹೇಳಿ, ಅವರ ಕಣ್ಣೆದುರಿಗೇ ಅದೇ ಕೆಲಸ ಮಾಡಿದೆ. ಅವರು ಹೇಳಿದ ಕ್ರಮ ಇದು.

ಮೊದಲು ಜಾಗ. ಗಟ್ಟಿ ಕಾಂಕ್ರೀಟ್, ಸಮತಟ್ಟು. ಇಳಿಜಾರು ಇದೆಯಾ ಅಂತ ನೋಡೋಕೆ ಒಂದು ಗೋಲಿ ಇಟ್ಟು ನೋಡಿ. ಉರುಳಿದರೆ ಜಾಗ ಬದಲಿಸಿ.

ಎರಡನೆಯದು, ಹ್ಯಾಂಡ್‌ಬ್ರೇಕ್, ಗೇರ್ ಅಥವಾ 'ಪಿ', ಮತ್ತು ಬೆಣೆ. ಮೂರೂ. ಮುಂದೆ ಎತ್ತೋದಾದರೆ ಹಿಂದಿನ ಎರಡೂ ಚಕ್ರಗಳಿಗೆ ಎರಡೂ ಕಡೆ ಬೆಣೆ.

ಮೂರನೆಯದು, ಚಕ್ರ ಬಿಚ್ಚೋದಿದ್ದರೆ ನೆಲದ ಮೇಲಿರುವಾಗಲೇ ನಟ್ಟುಗಳನ್ನ ಅರ್ಧ ಸುತ್ತು ಸಡಿಲಿಸಿ. ಬಿಗಿ ಬಿಡಿಸೋಕೆ ಜೋರು ಬೇಕು. ಆ ಜೋರನ್ನ ಎತ್ತಿದ ಕಾರಿನ ಮೇಲೆ ಹಾಕಬಾರದು.

ನಾಲ್ಕನೆಯದು, ಎತ್ತೋ ಜಾಗ. ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಗುರುತುಗಳ ನಡುವೆ ಬಲಪಡಿಸಿದ ಭಾಗ ಇರುತ್ತೆ. ಮ್ಯಾನುಯಲ್‌ನಲ್ಲಿ ಚಿತ್ರ ಇದೆ. ಎಂಜಿನ್ ಕೆಳಗಿನ ಆಯಿಲ್ ಸಂಪ್, ನೆಲದ ತೆಳು ತಗಡು, ಇವಕ್ಕೆ ಜಾಕ್ ಕೊಡಬೇಡಿ. ಇಲ್ಲಿ ಎಲ್ಲರಿಗೂ ಬರೋ ಪ್ರಶ್ನೆ: ಆ ಜಾಗದಲ್ಲಿ ಜಾಕ್ ಇದ್ದರೆ ಸ್ಟ್ಯಾಂಡ್ ಎಲ್ಲಿಡೋದು? ಉತ್ತರ, ಟ್ರಾಲಿ ಜಾಕನ್ನ ಮುಂದೆ ನಡುವಿನ ಕ್ರಾಸ್‌ಮೆಂಬರಿಗೆ ಕೊಟ್ಟು ಎತ್ತಿ, ಸ್ಟ್ಯಾಂಡುಗಳನ್ನ ಎಡಬಲದ ಅಂಚಿನ ಗುರುತಿಗೆ ಇಡೋದು. ನಡುವೆ ಎತ್ತಬಹುದು ಅಂತ ನಿಮ್ಮ ಕಾರಿನ ಸರ್ವೀಸ್ ಮ್ಯಾನುಯಲ್ ಹೇಳಿದ್ದರೆ ಮಾತ್ರ. ಸ್ಟ್ಯಾಂಡಿನ ತಲೆಗೆ ಗಾಡಿ ತೋಡಿದ ರಬ್ಬರ್ ಪ್ಯಾಡ್ ಇಟ್ಟರೆ ತಗಡಿನ ಅಂಚು ಅದರೊಳಗೆ ಕೂರುತ್ತೆ, ಮಡಚಲ್ಲ, ಜಾರಲ್ಲ.

ಐದನೆಯದು, ಎತ್ತುವಾಗ ಟ್ರಾಲಿ ಜಾಕಿನ ಚಕ್ರಗಳು ಸಲೀಸಾಗಿ ಉರುಳಬೇಕು. ಅದರ ತೋಳು ನೇರ ಮೇಲಕ್ಕೆ ಹೋಗಲ್ಲ, ಬಿಲ್ಲಿನ ಹಾಗೆ ಕಮಾನಿನಲ್ಲಿ ಹೋಗುತ್ತೆ. ಜಾಕ್ ತಾನೇ ಸ್ವಲ್ಪ ಉರುಳಿ ಹೊಂದಿಕೊಳ್ಳಬೇಕು. ಕಲ್ಲು, ಬಿರುಕು, ಮ್ಯಾಟ್ ಅಡ್ಡ ಬಂದು ಚಕ್ರ ನಿಂತರೆ ಜಾಕಿನ ತಲೆ ಕಾರಿನಿಂದ ಜಾರುತ್ತೆ. ಕಾರಿನೊಳಗೆ ಯಾರೂ ಕೂತಿರಬಾರದು.

ಆರನೆಯದು, ಎರಡೂ ಸ್ಟ್ಯಾಂಡ್ ಒಂದೇ ಎತ್ತರಕ್ಕೆ. ಹಲ್ಲು ಕಚ್ಚಿದೆಯಾ ಅಂತ ಹಿಡಿಕೆ ಒತ್ತಿ ನೋಡಿ, ಪಿನ್ ಪೂರ್ತಿ ಆಚೆ ಬಂದಿದೆಯಾ ನೋಡಿ. ಆಮೇಲೆ ಜಾಕನ್ನ ನಿಧಾನ ಇಳಿಸಿ. ಭಾರ ಪೂರ್ತಿ ಸ್ಟ್ಯಾಂಡಿಗೆ ಬಂದ ಮೇಲೆ ಜಾಕನ್ನ ತೆಗೀಬೇಡಿ. ಕಾರನ್ನ ಮುಟ್ಟಿದ ಹಾಗೆ ಅಲ್ಲೇ ಬಿಡಿ. ಇದು ಎರಡನೇ ಕಾವಲು.

ಏಳನೆಯದು, ಅಪ್ಪನ ಪರೀಕ್ಷೆ. ಹೊರಗೆ ನಿಂತು ಕಾರನ್ನ ಸೊಂಟದಿಂದ ಜೋರಾಗಿ ತಳ್ಳಿ, ಬದಿಯಿಂದ, ಹಿಂದಿನಿಂದ. ನನಗೆ ಹೆದರಿಕೆ ಆಯ್ತು. "ಬೀಳೂದಿದ್ರ ಈಗ ಬೀಳ್ಲಿ" ಅಂದರು ಅಪ್ಪ. ಅಲ್ಲಾಡಿದರೆ ಇಳಿಸಿ ಮತ್ತೆ ಮೊದಲಿನಿಂದ.

ಎಂಟನೆಯದು, ಬಿಚ್ಚಿದ ಚಕ್ರ ಅಥವಾ ಸ್ಟೆಪ್ನಿಯನ್ನ ಕಾರಿನ ಅಂಚಿನ ಕೆಳಗೆ ಅಡ್ಡ ಮಲಗಿಸಿ. ಎಲ್ಲಾ ಸೋತರೂ ಕಾರು ಕೂರೋದು ಚಕ್ರದ ಮೇಲೆ, ನಿಮ್ಮ ಮೇಲಲ್ಲ. ಇದು ಮೂರನೇ ಕಾವಲು. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಕೊನೆಯದು, ಮನೆಯವರಿಗೆ ಹೇಳಿ ಹೋಗಿ. ಬೇಸ್‌ಮೆಂಟಿನಲ್ಲಿ ಮೊಬೈಲ್ ಸಿಗ್ನಲ್ ಇರಲ್ಲ. ಜೊತೆಗೆ ಒಬ್ಬರು ಇರಲಿ. ಅದು ಆಗದಿದ್ದರೆ ಆ ಕೆಲಸವನ್ನ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಕೆಳಗೆ ಹೋದ ಮೇಲೂ ಕೆಲವು ಮಾತು. ಕನ್ನಡಕ ಹಾಕಿ, ತುಕ್ಕು ಬೀಳೋದು ನೇರ ಕಣ್ಣಿಗೆ. ಬೇಸ್‌ಮೆಂಟಿನಲ್ಲಿ ಎಂಜಿನ್ ಚಾಲೂ ಇಟ್ಟು ಕೆಲಸ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಸೈಲೆನ್ಸರ್ ತಣ್ಣಗಾಗಲಿ. ಉದ್ದ ಹಿಡಿಯ ಪಾನಾ ಹಾಕಿ ಮೈಭಾರದಿಂದ ಎಳೀಬೇಡಿ. ಇವಿ ಇದ್ದವರಿಗೆ ಇನ್ನೊಂದು: ನೆಲದಡಿ ಇರೋದು ಬ್ಯಾಟರಿ ಪ್ಯಾಕ್. ಅದಕ್ಕೆ ಜಾಕ್ ಕೊಡೋದು, ಕಿತ್ತಳೆ ಬಣ್ಣದ ಕೇಬಲ್ ಮುಟ್ಟೋದು, ಎರಡೂ ನಮ್ಮ ಕೆಲಸ ಅಲ್ಲ.

ಮನೆಯಲ್ಲೇ ಲಿಫ್ಟ್ ಹಾಕಿಸೋರಿಗೆ

ಹೈದರಾಬಾದಿನಲ್ಲಿ ವಿಲ್ಲಾ ತಗೊಂಡ ನನ್ನ ಗೆಳೆಯ ಒಬ್ಬ ಹಳೇ ಜೀಪ್ ರಿಪೇರಿ ಹುಚ್ಚಿಗೆ ಬಿದ್ದು, ಟೂ ಪೋಸ್ಟ್ ಲಿಫ್ಟ್ ಹಾಕಿಸಬೇಕು ಅಂತ ಫೋನ್ ಮಾಡಿದ. "ಲಿಫ್ಟ್ ಇದ್ರೆ ಜಾಕಿನ ತಲೆನೋವೇ ಇಲ್ಲ ಅಲ್ವೇನೋ?" ಅಂದ. ತಲೆನೋವು ಬೇರೆ ಥರ, ಅಂದೆ.

ಟೂ ಪೋಸ್ಟ್ ಅಂದರೆ ಎರಡು ಕಂಬ, ನಾಲ್ಕು ತೋಳು. ತೋಳುಗಳು ಕಾರಿನ ಬಾಡಿ ಹಿಡಿದು ಎತ್ತುತ್ತವೆ, ಚಕ್ರಗಳು ತೂಗಾಡುತ್ತವೆ. ಫೋರ್ ಪೋಸ್ಟ್ ಅಂದರೆ ಎರಡು ಹಲಗೆ ಮೇಲೆ ಕಾರನ್ನ ಹತ್ತಿಸೋದು, ಕಾರು ತನ್ನ ಚಕ್ರದ ಮೇಲೇ ನಿಂತಿರುತ್ತೆ. ಬರೀ ಆಯಿಲ್, ಸೈಲೆನ್ಸರ್ ಕೆಲಸಕ್ಕೆ, ಪಾರ್ಕಿಂಗಿಗೆ ಇದು ನೆಮ್ಮದಿ. ಬ್ರೇಕ್ ಕೆಲಸಕ್ಕೆ ಹಲಗೆಗಳ ನಡುವೆ ಇನ್ನೊಂದು ಜಾಕ್ ಬೇಕು.

ಮೊದಲ ಪ್ರಶ್ನೆ ನೆಲದ್ದು. ಟೂ ಪೋಸ್ಟ್ ಲಿಫ್ಟಿನ ಕಂಬ ನಿಂತಿರೋದು ಕಾಂಕ್ರೀಟಿಗೆ ಕೂರಿಸಿದ ಆಂಕರ್ ಬೋಲ್ಟುಗಳ ಮೇಲೆ. ಸಾಮಾನ್ಯವಾಗಿ ಕಂಪನಿಗಳು ಕನಿಷ್ಠ 4 ಇಂಚು ದಪ್ಪದ, ಬಿರುಕಿಲ್ಲದ, 28 ದಿನ ಕ್ಯೂರ್ ಆದ ಗಟ್ಟಿ ಕಾಂಕ್ರೀಟ್ ಕೇಳ್ತವೆ. ಟೈಲ್ಸ್ ಹಾಕಿದ ಪೋರ್ಟಿಕೋ ಸಾಲಲ್ಲ. ಅಪಾರ್ಟ್‌ಮೆಂಟಿನವರು ಈ ಆಸೆ ಬಿಟ್ಟುಬಿಡಿ. ನಮ್ಮ ಪಾರ್ಕಿಂಗ್ ಸ್ಲ್ಯಾಬಿನ ಕೆಳಗೆ ಇನ್ನೊಂದು ಮಹಡಿ ಇರುತ್ತೆ. ಎಷ್ಟೋ ಕಟ್ಟಡಗಳಲ್ಲಿ ಅದು ಪೋಸ್ಟ್ ಟೆನ್ಷನ್ ಸ್ಲ್ಯಾಬ್, ಒಳಗೆ ಬಿಗಿದೆಳೆದ ಉಕ್ಕಿನ ಹಗ್ಗಗಳಿವೆ. ಡ್ರಿಲ್ ಹಾಕಿ ಒಂದು ಹಗ್ಗ ತುಂಡಾದರೆ ಕಾರಲ್ಲ, ಕಟ್ಟಡದ ಮಾತು. ಎತ್ತರವೂ ನೋಡಬೇಕು. ಮೇಲೆ ಅಡ್ಡ ತೊಲೆ ಇರೋ ಟೂ ಪೋಸ್ಟಿಗೆ ಹನ್ನೊಂದು ಹನ್ನೆರಡು ಅಡಿ ಬೇಕಾಗುತ್ತೆ.

ಎರಡನೆಯದು, ತೋಳು ಇಡೋದು. ನಾಲ್ಕೂ ಪ್ಯಾಡ್ ಕಂಪನಿ ಹೇಳಿದ ಎತ್ತೋ ಬಿಂದುವಿಗೇ ತಾಗಬೇಕು. ಕಾರಿನ ಭಾರದ ಕೇಂದ್ರ ಎರಡು ಕಂಬಗಳಿಗೆ ಹೊಂದಿಕೊಂಡಿರಬೇಕು. ಚಕ್ರ ನೆಲ ಬಿಟ್ಟು ಒಂದು ಗೇಣು ಎತ್ತಿದ ಕೂಡಲೇ ನಿಲ್ಲಿಸಿ, ಕಾರನ್ನ ಅಲ್ಲಾಡಿಸಿ, ನಾಲ್ಕೂ ಪ್ಯಾಡ್ ಮತ್ತೆ ನೋಡಿ. ತೋಳು ಅಡ್ಡ ತಿರುಗದ ಹಾಗೆ ಬುಡದಲ್ಲಿ ಹಲ್ಲಿನ ಲಾಕ್ ಇರುತ್ತೆ, ಅದು ಕಚ್ಚಿರಬೇಕು. ಎತ್ತುವಾಗ, ಇಳಿಸುವಾಗ ಯಾರೂ ಕೆಳಗಿರಬಾರದು.

ಮೂರನೆಯದು ಅಪ್ಪನ ಅದೇ ಸಾಲು. ಲಿಫ್ಟಿನಲ್ಲೂ ಎತ್ತೋದು ಎಣ್ಣೆ. ಹಿಡಿಯೋದು ಕಂಬದೊಳಗಿನ ಉಕ್ಕಿನ ಲಾಕ್. ಮೇಲೆ ಹೋಗುವಾಗ ಟಕ್ ಟಕ್ ಅನ್ನೋದು ಅದೇ. ಬೇಕಾದ ಎತ್ತರ ಬಂದ ಮೇಲೆ ಸ್ವಲ್ಪ ಕೆಳಗಿಳಿಸಿ, ಎರಡೂ ಕಂಬದ ಲಾಕ್ ಒಂದೇ ಮೆಟ್ಟಿಲಿನಲ್ಲಿ ಕೂರೋ ಹಾಗೆ ಮಾಡಬೇಕು. ಆಮೇಲೆಯೇ ಕೆಳಗೆ ಕಾಲಿಡೋದು. ಬರೀ ಎಣ್ಣೆಯ ಮೇಲೆ ನಿಂತ ಲಿಫ್ಟ್ ಅಂದರೆ ನನ್ನ ಸಿಸರ್ ಜಾಕಿನ ದೊಡ್ಡಣ್ಣ. ಇಳಿಸುವಾಗ ಮೊದಲು ಒಂದಿಷ್ಟು ಮೇಲೆತ್ತಿ ಲಾಕ್ ಬಿಡಿಸಿ, ಆಮೇಲೆ ಕೆಳಗೆ.

ನಾಲ್ಕನೆಯದನ್ನ ಬಹಳ ಜನ ಮರೀತಾರೆ. ಲಿಫ್ಟಿನ ಮೇಲಿರುವಾಗ ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಇಳಿಸಿದರೆ ಭಾರದ ಕೇಂದ್ರ ಸರಿಯುತ್ತೆ. ಮುಂದಿನ ಎಂಜಿನ್ ತೆಗೆದ ಕಾರು ಹಿಂದಕ್ಕೆ ವಾಲುತ್ತೆ. ಅದಕ್ಕೇ ಎತ್ತರದ ಸ್ಟ್ಯಾಂಡುಗಳನ್ನ ಕೊಟ್ಟೇ ಭಾರದ ಭಾಗ ಇಳಿಸಬೇಕು. ಕಾರು ಜಾರೋಕೆ ಶುರುವಾದರೆ ಹಿಡಿಯೋಕೆ ಹೋಗಬೇಡಿ, ಓಡಿ. ಓಡೋ ದಾರಿಯಲ್ಲಿ ಟೂಲ್ ಬಾಕ್ಸ್, ಆಯಿಲ್ ಟ್ರೇ ಇರಬಾರದು.

ಅಮೆರಿಕದಲ್ಲಿ ಆಟೋಮೋಟಿವ್ ಲಿಫ್ಟ್ ಇನ್‌ಸ್ಟಿಟ್ಯೂಟ್ ಅಂತ ಒಂದು ಸಂಸ್ಥೆ ಇದೆ. ಅದರ ಮಾನದಂಡದ ಪ್ರಕಾರ ತಿಳಿದವರು ವರ್ಷಕ್ಕೊಮ್ಮೆಯಾದರೂ ಲಿಫ್ಟ್ ಪರೀಕ್ಷಿಸಬೇಕು: ಕೇಬಲ್, ಲಾಕ್, ಆಂಕರ್ ಬೋಲ್ಟಿನ ಬಿಗಿ, ಎಣ್ಣೆ ಸೋರಿಕೆ. ಮನೆಯ ಲಿಫ್ಟಿಗೆ ಕೇಳೋರು ಯಾರೂ ಇಲ್ಲ, ಅದಕ್ಕೇ ನಾವೇ ಕೇಳಿಕೊಳ್ಳಬೇಕು. ಗೆಳೆಯ ಕೊನೆಗೆ ಫೋರ್ ಪೋಸ್ಟ್ ಹಾಕಿಸಿದ. ಎಂಜಿನ್ ಇಳಿಸೋ ಕೆಲಸವನ್ನ ಗ್ಯಾರೇಜಿಗೇ ಬಿಟ್ಟ.

ಆಗಬಾರದ್ದು ಆಗಿಬಿಟ್ಟರೆ

ಯಾರಾದರೂ ಕಾರಿನಡಿ ಸಿಕ್ಕಿದ್ದು ಕಂಡರೆ ಎಳೆಯೋಕೆ ಹೋಗಬೇಡಿ. ಒಬ್ಬರು 112ಕ್ಕೆ ಫೋನ್ ಮಾಡಲಿ. ಮಹಾರಾಷ್ಟ್ರದಲ್ಲಿ ಆಂಬುಲೆನ್ಸಿಗೆ 108 ಕೂಡ ಇದೆ. ಎದೆ ಅಥವಾ ಕತ್ತಿನ ಮೇಲೆ ಭಾರ ಇದ್ದರೆ ಕಾಯೋ ಸಮಯ ಇಲ್ಲ: ಸಿಕ್ಕ ಜಾಕ್ ಹಾಕಿ ಎತ್ತಿ, ತಕ್ಷಣ ಚಕ್ರವನ್ನೋ ದಿಮ್ಮಿಯನ್ನೋ ಒಳಗೆ ತೂರಿಸಿ, ಕಾರು ಮತ್ತೆ ಕೂರದು ಅಂತ ಖಾತ್ರಿಯಾದ ಮೇಲೆ ಹೊರಗೆ ತನ್ನಿ. ಉಸಿರಿಲ್ಲದಿದ್ದರೆ ಸಿಪಿಆರ್ ಶುರು ಮಾಡಿ. ಕಾಲು ಬಹಳ ಹೊತ್ತಿನಿಂದ ಅಪ್ಪಚ್ಚಿಯಾಗಿದ್ದರೆ ವಿಷಯ ಬೇರೆ. ನಜ್ಜುಗುಜ್ಜಾದ ಸ್ನಾಯುವಿನ ಪೊಟ್ಯಾಸಿಯಮ್ ಒಮ್ಮೆಲೇ ರಕ್ತಕ್ಕೆ ಸೇರಿ ಹೃದಯ ನಿಲ್ಲಬಹುದು. ಎಷ್ಟು ಹೊತ್ತಾಗಿದೆ ಅನ್ನೋದನ್ನ ಫೋನಿನಲ್ಲಿ ಹೇಳಿ, ಅವರು ಹೇಳಿದ ಹಾಗೆ ಮಾಡಿ.

ಕೊನೆ ಮಾತು

ಆ ಕ್ಲ್ಯಾಂಪ್ ಬಿಗಿಯೋಕೆ ಕೊನೆಗೆ ಹಿಡಿದದ್ದು ಆರು ನಿಮಿಷ. ಅದಕ್ಕೆ ಮೊದಲಿನ ತಯಾರಿಗೆ ನಲವತ್ತು ನಿಮಿಷ. ನಾನು ಗಡಿಯಾರ ನೋಡಿದ್ದನ್ನ ಅಪ್ಪ ಗಮನಿಸಿದರು, ಏನೂ ಹೇಳಲಿಲ್ಲ.

ಹುಬ್ಬಳ್ಳಿಗೆ ಹೊರಡೋ ದಿನ ರೈಲ್ವೆ ಸ್ಟೇಷನ್ನಿನಲ್ಲಿ ಕೇಳಿದೆ, "ಅವತ್ತ ಬೈಲಿಲ್ಲ ಯಾಕ?" ಅಂತ. "ಬೈಯಾಕ ನೀ ಇದ್ದೆಲ್ಲ, ಅಷ್ಟ ಸಾಕಾತು" ಅಂದರು.

ಈಗ ನನ್ನ ಡಿಕ್ಕಿಯಲ್ಲಿ ಸಿಸರ್ ಜಾಕಿಗೆ ಒಂದು ಕೆಂಪು ಬಟ್ಟೆ ಕಟ್ಟಿದ್ದೇನೆ. ಮಗಳು ಅದೇನಕ್ಕೆ ಅಂತ ಕೇಳಿದಳು. ಸ್ಟೆಪ್ನಿ ಹಾಕೋಕೆ ಮಾತ್ರ ಅಂತ ನೆನಪಿಗೆ, ಅಂದೆ. "ಮತ್ತೆ ನೀನು ಕೆಳಗೆ ಹೋಗೋವಾಗ?" ಅಂದಳು. ಆಗ ನಿನ್ನನ್ನ, ಅಜ್ಜನ್ನ ಇಬ್ಬರನ್ನೂ ಕರೀತೀನಿ, ಅಂದೆ.

ನಿಮ್ಮ ಪಾರ್ಕಿಂಗಿನಲ್ಲಿ ಈ ವಾರ ಯಾರಾದರೂ ಬರೀ ಜಾಕ್ ಕೊಟ್ಟು ಕಾರಿನಡಿ ಮಲಗಿದ್ದು ಕಂಡರೆ, ಅವರ ಭಾಷೆ ಯಾವುದಾದರೂ ಇರಲಿ, ಮರಾಠಿ, ತೆಲುಗು, ತಮಿಳು, ಹಿಂದಿ, ಒಂದು ಮಾತು ಹೇಳಿ: ಮೊದಲು ಹೊರಗೆ ಬನ್ನಿ. ಮಿಕ್ಕಿದ್ದನ್ನ ಆಮೇಲೆ ವಿವರಿಸೋಣ.